ಬಿಲ್ಲೆಯ ಹಿಂಬದಿಯ ಹೆಸರು

ಹಳೆಯ ನಾಣ್ಯಗಳನ್ನೂ ಅಂಚೆಯ ಚೀಟಿಗಳನ್ನೂ ಕೂಡಿಡುವವರು ನಮ್ಮಲ್ಲಿ ಬಹುಮಂದಿ ಇರುವರು. ಸಂಘಗಳ ಸಮಾರಂಭಗಳಲ್ಲಿ ಸದಸ್ಯರು ಎದೆಯ ಮೇಲೆ ಧರಿಸುತ್ತಿದ್ದ ಬಿಲ್ಲೆಗಳನ್ನು ಸಂಗ್ರಹಿಸುವವರು ವಿರಳ. ಆದರೂ ಸ್ತ್ರೀಯರ ಚರಿತ್ರೆಗೆ ಇವುಗಳಿಂದಾಗುವ ಉಪಕಾರವು ಅಲ್ಪವಲ್ಲವೆಂಬುದು ನಮ್ಮ ಅಭಿಮತವು.

ಫ್ರೀಮೇಸನರ ಲಾಡ್ಜುಗಳು ಬಹುಕಾಲ ಪುರುಷರಿಗೇ ಮೀಸಲಾಗಿದ್ದುವು. 1850ರ ಸುಮಾರಿಗೆ ಅಮೆರಿಕದ ರಾಬ್ ಮಾರಿಸ್ ಎಂಬವರು ಮೇಸನರ ಕುಟುಂಬದ ಸ್ತ್ರೀಯರೂ ಸೇರಬಹುದಾದ ‘ಈಸ್ಟರ್ನ್ ಸ್ಟಾರ್’ ಸಂಘವನ್ನು ರಚಿಸಿದರು. ಅದರ ಬಿಲ್ಲೆಯು ಐದು ಮೊನೆಗಳುಳ್ಳ ಬಣ್ಣದ ನಕ್ಷತ್ರ. ಆ ಐದು ಮೊನೆಗಳು ಸತ್ಯವೇದದ ಐವರು ಸ್ತ್ರೀಯರನ್ನು ಸೂಚಿಸುವುವು: ಯೆಫ್ತಾಹನ ಮಗಳು, ರೂತಳು, ಎಸ್ತೇರಳು, ಮಾರ್ಥಳು, ಯೋಹಾನನು ತನ್ನ ಎರಡನೆಯ ಪತ್ರಿಕೆಯನ್ನು ಯಾರಿಗೆ ಬರೆದನೋ ಆ ತಾಯಿ. ಸ್ತ್ರೀಪುರುಷರಿಗೆ ಸಮಾನ ಸ್ಥಾನವನ್ನು ಕೊಡುವ ಮೇಸನ್ ಸಂಘವನ್ನು 1902ರಲ್ಲಿ ಸೇರಿದ ಆನಿ ಬೆಸಂಟರು ಅದನ್ನು ಭಾರತಕ್ಕೂ ತಂದರು.

ಲಾಡ್ಜಿನ ಸಂಪರ್ಕವಿಲ್ಲದ ಮನೆಗಳಲ್ಲಿಯೂ ಇಂಥದೊಂದು ಬಿಲ್ಲೆ ಇದ್ದೀತು. ಗರ್ಲ್ ಗೈಡ್ಸ್ ದಳವು 1911ರಲ್ಲಿ ಜಬಲ್ಪುರದಲ್ಲಿ ಪ್ರಾರಂಭವಾಗಿ ದೇಶದಲ್ಲೆಲ್ಲ ಹರಡಿತು. ಮೂರೆಲೆಯ ಆ ಬಿಲ್ಲೆಯು ಬಾಲಿಕೆಯು ಮಾಡಿದ ಮೂರು ಪ್ರತಿಜ್ಞೆಗಳ ಗುರುತು. 1951ರಲ್ಲಿ ಗೈಡುಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಸೇರಿದರು. ಆ ಸಂಸ್ಥೆಯ ಚಿಹ್ನೆಯ ನಡುವೆ ಅಶೋಕಚಕ್ರವಿದೆ. ಚಕ್ರವಿರುವುದೋ ಇಲ್ಲವೋ ಎಂಬುದರಿಂದಲೇ ಬಿಲ್ಲೆಯ ಕಾಲವನ್ನು ಊಹಿಸಬಹುದು.

ಹಳೆಯ ಮೊಹಲ್ಲಗಳ ಮನೆಗಳನ್ನು ಬಿಟ್ಟು ಸಂಸಾರಗಳು ಶ್ರೀರಾಂಪುರದಂಥ ಬಡಾವಣೆಗಳಿಗೆ ಬರುವಾಗ ಅಜ್ಜಿಯ ಪೆಟ್ಟಿಗೆಯು ಬರಿದಾಗುವುದು. ಬೆಳ್ಳಿಯಾದರೆ ತೂಕಕ್ಕೆ ಮಾರಾಟ. ಹಿತ್ತಾಳೆಯಾದರೆ ಗುಜರಿಯ ಪಾಲು. ಕರಗಿದ ಬೆಳ್ಳಿಗೆ ಪ್ರತಿಯಾಗಿ ಹಣವಾದರೂ ಬಂದೀತು. ಬಿಲ್ಲೆಯ ಹಿಂಬದಿಯಲ್ಲಿ ಕೆತ್ತಿದ್ದ ಹೆಸರು ಮತ್ತೆ ಬಾರದು. ಹೆಂಗಸರ ಸೇವೆಯನ್ನು ಬರೆದಿಟ್ಟ ದಾಖಲೆಗಳೇ ಕಡಮೆ. ಎಷ್ಟೋ ಸಂದರ್ಭಗಳಲ್ಲಿ ಆ ಒಂದು ಪಂಕ್ತಿಯೇ ಸಾಕ್ಷಿಯಲ್ಲವೇ?

ಇವೆಲ್ಲ ಆಡಂಬರದ ಒಡವೆಗಳು, ಕೂಡಿಡುವುದು ವ್ಯರ್ಥವೆನ್ನುವವರುಂಟು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಹೊಳಪನ್ನೇ ಮೆಚ್ಚುವುದಾದರೆ ಆ ಆಕ್ಷೇಪಣೆಯು ನ್ಯಾಯವೇ. ಧರಿಸಿದವಳು ಯಾರು, ಯಾವ ಕಾರ್ಯಕ್ಕಾಗಿ ಪಡೆದಳು ಎಂಬುದನ್ನು ಬಿಲ್ಲೆಯ ಸಂಗಡವೇ ಬರೆದಿಡುವವನು ಮಾತ್ರ ನಿಜವಾದ ಸಂಗ್ರಾಹಕನು. ಹೆಸರಿಲ್ಲದ ಚಿನ್ನದ ಪದಕಕ್ಕಿಂತ ಹೆಸರುಳ್ಳ ಹಿತ್ತಾಳೆಯ ಬಿಲ್ಲೆಯನ್ನೇ ನಾವು ಹೆಚ್ಚೆಂದೆಣಿಸುವೆವು.

ಆದುದರಿಂದ ಹಿಂದಿನ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮಾರುವ ಮೊದಲು ಬಿಲ್ಲೆಯನ್ನು ತಿರುಗಿಸಿ ನೋಡಿರಿ. ನಡೆಯುವ ಸಿಂಹದ ಮುದ್ರೆಯಿದ್ದರೆ ಅದು ಇಂಗ್ಲೆಂಡಿನಲ್ಲಿ ಪರೀಕ್ಷಿಸಲ್ಪಟ್ಟ ಬೆಳ್ಳಿ. ಲಂಗರಿನ ಮುದ್ರೆಯು ಬರ್ಮಿಂಗ್‌ಹ್ಯಾಮಿನದು. ಹೊಳಪಿಗಾಗಿ ಉಜ್ಜಬೇಡಿರಿ, ಕೆತ್ತನೆಯು ಸವೆಯುವುದು. ರೇಷ್ಮೆಯ ಪಟ್ಟಿಯನ್ನು ಒಗೆಯಬೇಡಿರಿ. ಬೆಳ್ಳಿಯು ಕಪ್ಪಾಗುವುದರಿಂದ ರಬ್ಬರಿನ ಪಟ್ಟಿಯನ್ನು ಸುತ್ತದೆ ಶುಭ್ರವಾದ ಹತ್ತಿಯ ಬಟ್ಟೆಯಲ್ಲಿಡಿರಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ, ತಿಳಿದುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆಯೇ ಇರಿಸಿರಿ. ಈ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ತಡಮಾಡಿದರೆ ಮಾತ್ರ ಹೇಳುವವರೇ ಇರಲಾರರು.