ದುಡಿಮೆಯ ದಾಖಲೆ ಉದ್ಯೋಗಿಯ ಹಕ್ಕಾಗಲಿ

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ವ್ಯವಸ್ಥೆಯಲ್ಲಿ ಕಾಯಂ ವಾಸಕ್ಕೆ ಆಹ್ವಾನ ಬಂದವರಿಗೆ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಲು ಸಿಗುವುದು 60 ದಿನ. ಇಂಗ್ಲಿಷ್ ಪರೀಕ್ಷೆಯ ಅಂಕ, ಪದವಿಯ ಮೌಲ್ಯಮಾಪನ ಅಷ್ಟರಲ್ಲಿ ಕೈಯಲ್ಲಿರುತ್ತವೆ. ಬೆಂಗಳೂರಿನ ಅರ್ಜಿದಾರರ ನಿದ್ದೆಗೆಡಿಸುವುದು ಹಳೆಯ ಕಂಪನಿಯಿಂದ ಬರಬೇಕಾದ ಅನುಭವ ಪತ್ರ.

ನಮ್ಮಲ್ಲಿ ಕೆಲಸ ಬಿಡುವಾಗ ಕೊಡುವ ರಿಲೀವಿಂಗ್ ಲೆಟರ್ ನೋಡಿ. ಇಂತಹ ದಿನದಿಂದ ಇಂತಹ ದಿನದವರೆಗೆ ಸೀನಿಯರ್ ಅಸೋಸಿಯೇಟ್ ಆಗಿದ್ದರು, ಮುಂದಿನ ಬದುಕಿಗೆ ಶುಭವಾಗಲಿ. ವರ್ಷಗಟ್ಟಲೆಯ ದುಡಿಮೆ ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. ಸೀನಿಯರ್ ಅಸೋಸಿಯೇಟ್ ಎಂಬ ಒಂದೇ ಹುದ್ದೆಯಲ್ಲಿ ಕೋಡ್ ಬರೆಯುವವರು, ಟೆಸ್ಟಿಂಗ್ ಮಾಡುವವರು, ಬ್ಯಾಂಕಿನ ಲೆಕ್ಕ ತಾಳೆ ನೋಡುವವರು ಎಲ್ಲರೂ ಇರುತ್ತಾರೆ. ಕೆನಡಾದ ಅಧಿಕಾರಿ ಹುದ್ದೆಯ ಹೆಸರಿಗಿಂತ ಹೆಚ್ಚಾಗಿ ಕೆಲಸವನ್ನು ನೋಡುತ್ತಾರೆ. ಲೆಟರ್‌ಹೆಡ್ ಮೇಲೆ ಕಂಪನಿಯ ವಿಳಾಸ, ಮೇಲಧಿಕಾರಿಯ ಹೆಸರು ಮತ್ತು ಸಹಿ, ಪ್ರತಿ ಹುದ್ದೆಯ ಅವಧಿ, ವಾರದ ಗಂಟೆಗಳು, ವಾರ್ಷಿಕ ಸಂಬಳ, ಅದಕ್ಕಿಂತ ಮುಖ್ಯವಾಗಿ ನಿರ್ವಹಿಸಿದ ಕರ್ತವ್ಯಗಳ ವಿವರ ಇರಬೇಕು. ಈ ಕರ್ತವ್ಯಗಳು ಅಲ್ಲಿನ ರಾಷ್ಟ್ರೀಯ ಉದ್ಯೋಗ ವರ್ಗೀಕರಣದ ವಿವರಣೆಗೆ ಹೊಂದಬೇಕು. ಕುಶಲ ಕಾರ್ಮಿಕರ ವಿಭಾಗದಲ್ಲಿ ಅರ್ಹತೆಗೆ ಕಳೆದ 10 ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ, ಅಂದರೆ ವಾರಕ್ಕೆ 30 ಗಂಟೆಯಂತೆ 1,560 ಗಂಟೆಗಳ ನಿರಂತರ ಅನುಭವ ಬೇಕು. ಅದನ್ನು ರುಜುವಾತುಪಡಿಸಲಾಗದಿದ್ದರೆ ಆಯ್ಕೆಯ ಅಂಕಗಳ ಲೆಕ್ಕದವರೆಗೂ ಹೋಗುವಂತಿಲ್ಲ.

ಇಷ್ಟು ವಿವರ ಕೇಳಿದರೆ ಹಲವು ಎಚ್‌ಆರ್ ವಿಭಾಗಗಳಿಂದ ಬರುವ ಉತ್ತರ ಒಂದೇ: ‘ನಮ್ಮ ಪಾಲಿಸಿಯಲ್ಲಿ ಇಲ್ಲ’. ನಾಳೆ ಯಾವುದೋ ತಕರಾರು ಬಂದರೆ ಎಂಬ ಅವರ ಅಳುಕು ಅರ್ಥವಾಗುವಂಥದ್ದೇ. ಆದರೆ ನಡೆದ ಕೆಲಸವನ್ನು ನಡೆದಂತೆ ಬರೆದುಕೊಡುವುದರಲ್ಲಿ ಯಾವ ಅಪಾಯವಿದೆ? ಪತ್ರ ಸಿಗದವರು ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಜೊತೆಗೆ ದುಡಿದ ಹಿರಿಯರ ಅಫಿಡವಿಟ್ ಜೋಡಿಸಿ, ಪತ್ರ ಏಕಿಲ್ಲವೆಂಬ ವಿವರಣೆಯನ್ನೂ ಬರೆಯುತ್ತಾರೆ. ಎಲ್ಲಿ, ಯಾವಾಗ ದುಡಿದರೆಂದು ಪಿಎಫ್ ಹೇಳುತ್ತದೆ, ಎಷ್ಟು ಗಳಿಸಿದರೆಂದು ಫಾರ್ಮ್ 16 ಹೇಳುತ್ತದೆ. ಏನು ಮಾಡಿದರೆಂದು ಯಾವ ಸರ್ಕಾರಿ ದಾಖಲೆಯೂ ಹೇಳುವುದಿಲ್ಲ.

ಐಟಿಯವರ ಪಾಡೇ ಇದಾದರೆ ಪೀಣ್ಯದ ಚಿಕ್ಕ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದು ಪಳಗಿದವರ ಗತಿಯೇನು? ನುರಿತ ಮೆಷಿನಿಸ್ಟ್ ಕೆನಡಾದ ಪಟ್ಟಿಯಲ್ಲಿ ಕುಶಲ ಕೆಲಸಗಾರನೇ, ಹೋಟೆಲಿನ ಅಡುಗೆಯವರೂ ಹಾಗೆಯೇ. ಸಂಬಳ ಮಾತ್ರ ಕೈಗೆ ನಗದಾಗಿ ಬಂದಿರುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಡೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವೂ ಅಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋದವರದು ಇನ್ನೊಂದು ಬಗೆಯ ತೊಡಕು. ವೀಸಾದಲ್ಲಿ ನಮೂದಾದ ವೃತ್ತಿಗೂ ಅಲ್ಲಿ ಮಾಡಿದ ಕೆಲಸಕ್ಕೂ ಸಂಬಂಧವಿಲ್ಲದ ಉದಾಹರಣೆಗಳು ಬೇಕಾದಷ್ಟಿವೆ. ಅಕೌಂಟ್ಸ್ ನೋಡಿಕೊಂಡವರ ವೀಸಾದಲ್ಲಿ ‘ಲೇಬರ್’ ಎಂದಿದ್ದರೆ ಅಧಿಕಾರಿ ಯಾವುದನ್ನು ನಂಬಬೇಕು?

ಏಜೆಂಟರು ನುಸುಳುವುದು ಇಲ್ಲಿಯೇ. ವರ್ಗೀಕರಣದ ಪಠ್ಯವನ್ನೇ ಅಕ್ಷರಶಃ ನಕಲು ಮಾಡಿದ ಪತ್ರಗಳನ್ನು ಅವರು ತಯಾರಿಸಿ ಕೊಡುತ್ತಾರೆ. ಅಧಿಕಾರಿಗಳಿಗೆ ಅನುಮಾನ ಬರಲು ಅಷ್ಟೇ ಸಾಕು. ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ನಿಜವಾಗಿ ದುಡಿದವರೂ ಸುಳ್ಳು ಪತ್ರದಿಂದಾಗಿ ಈ ಶಿಕ್ಷೆಗೆ ಗುರಿಯಾಗಬಹುದು ಎಂಬುದೇ ಸಂಕಟದ ಸಂಗತಿ.

ಜರ್ಮನಿಯಲ್ಲಿ ಅನುಭವ ಪತ್ರ ಮಾಲೀಕರ ಕೃಪೆಯಲ್ಲ. ಕೆಲಸದ ಸ್ವರೂಪ ಮತ್ತು ಅವಧಿ ತಿಳಿಸುವ ಲಿಖಿತ ಪ್ರಮಾಣಪತ್ರ ಪಡೆಯುವುದು ಅಲ್ಲಿನ ಉದ್ಯಮ ಕಾಯ್ದೆಯ 109ನೇ ಸೆಕ್ಷನ್ ಕೊಟ್ಟ ಹಕ್ಕು; ಬಯಸಿದರೆ ಕಾರ್ಯಕ್ಷಮತೆ, ನಡವಳಿಕೆಯ ಬಗ್ಗೆಯೂ ಬರೆಸಿಕೊಳ್ಳಬಹುದು. ನಮ್ಮ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿಯ ಮಾದರಿ ಆದೇಶಗಳಲ್ಲೂ ಕಾಯಂ ಕಾರ್ಮಿಕರಿಗೆ ಸೇವಾ ಪ್ರಮಾಣಪತ್ರದ ಹಕ್ಕು ಇತ್ತು. ಅದರಲ್ಲಿ ಏನೇನು ಇರಬೇಕೆಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಕರ್ನಾಟಕ 2014ರಲ್ಲಿ ಐಟಿ ವಲಯವನ್ನು ಆ ಕಾಯ್ದೆಯಿಂದಲೇ ಹೊರಗಿಟ್ಟಿತು, 2024ರಲ್ಲಿ ವಿನಾಯಿತಿಯನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು.

ಜನ ಊರು ಬಿಟ್ಟು ಹೋಗಲು ಸರ್ಕಾರವೇಕೆ ನೆರವಾಗಬೇಕು ಎಂದು ಕೇಳುವವರಿದ್ದಾರೆ. ಆದರೆ ವಿವರವಾದ ಅನುಭವ ಪತ್ರ ಇಲ್ಲಿಯೇ ಕೆಲಸ ಬದಲಿಸುವವರಿಗೂ, ಮಕ್ಕಳಿಗಾಗಿ ಕೆಲಸ ಬಿಟ್ಟು ವರ್ಷಗಳ ನಂತರ ಮರಳುವ ತಾಯಂದಿರಿಗೂ ಬೇಕು. ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಕೆಲಸ ಬಿಡುವಾಗಿನ ಪತ್ರಕ್ಕೂ ಅದೇ ಬಿಗಿ ಬೇಕು: ಕರ್ತವ್ಯ, ಗಂಟೆ, ಸಂಬಳ ನಮೂದಿಸಿ ಇಂತಿಷ್ಟು ದಿನದೊಳಗೆ ಕೊಡಬೇಕೆಂದು ರಾಜ್ಯದ ನಿಯಮಗಳಲ್ಲಿ ಬರಲಿ, ಕೊಡದವರಿಗೆ ದಂಡ ಬೀಳಲಿ. ಬಾಗಿಲು ಹಾಕಿದ ಕಂಪನಿಗಳ ಉದ್ಯೋಗಿಗಳಿಗಾಗಿ ಪಿಎಫ್ ಖಾತೆಯಲ್ಲೇ ಹುದ್ದೆ ಮತ್ತು ಕೆಲಸದ ವಿವರಕ್ಕೆ ಒಂದು ಅಂಕಣ ಸೇರಿಸಿ, ಅದನ್ನು ಮಾಲೀಕರಿಂದ ಪ್ರತಿ ವರ್ಷ ದೃಢಪಡಿಸಿಕೊಳ್ಳುವ ವ್ಯವಸ್ಥೆಯನ್ನು ಕೇಂದ್ರ ಮಾಡಬೇಕು.