ಮೂಗಿಗೆ ಬಂದದ್ದು ಬಾಯಿಗೂ ಬರಲಿ

ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ, ಸೇಡಂನಲ್ಲಿರುವ ನನ್ನ ದವಾಖಾನೆ ಮುಚ್ಚುವ ಹೊತ್ತಿಗೆ ಒಂದು ಕುಟುಂಬ ಅವಸರದಿಂದ ಒಳಗೆ ಬಂತು. ಒಂಬತ್ತು ವರ್ಷದ ಹುಡುಗಿ ತಂದೆಯ ಹೆಗಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಎದೆಗೆ ಸ್ಟೆತೊಸ್ಕೋಪ್ ಇಡುವ ಮೊದಲೇ ಸುಂಯ್ ಎಂಬ ಸದ್ದು ಕೇಳುತ್ತಿತ್ತು. ಆಕೆಗೆ ಮೊದಲಿನಿಂದಲೂ ಆಸ್ತಮಾ ಇದ್ದರೂ ಒಂದು ವರ್ಷದಿಂದ ತೊಂದರೆ ಕೊಟ್ಟಿರಲಿಲ್ಲ. ನೆಬ್ಯುಲೈಸರ್ ಹಚ್ಚಿ ಅರ್ಧ ಗಂಟೆಯಾದ ಮೇಲೆ ಅವಳು ಪೂರ್ತಿ ವಾಕ್ಯ ಮಾತಾಡುವಂತಾದಳು. ಆಗ ವಿಚಾರಿಸಿದೆ. ಶಹಾಬಾದ್‌ನ ಈ ಕುಟುಂಬ ಚಂದ್ರಂಪಳ್ಳಿ ಜಲಾಶಯ ಮತ್ತು ಕಾಡು ನೋಡಲೆಂದು ಚಿಂಚೋಳಿ ಕಡೆಗೆ ಹೋಗಿ, ಬಾಡಿಗೆಗೆ ಕೊಡುವ ಒಂದು ಮನೆಯಲ್ಲಿ ಎರಡು ರಾತ್ರಿ ತಂಗಿತ್ತು. ಊರಿಗೆ ಮರಳುವ ದಾರಿಯಲ್ಲಿ ಹುಡುಗಿಗೆ ಉಬ್ಬಸ ಹೆಚ್ಚಾಗಿತ್ತು.

"ಖೋಲಿಯೊಳಗ ಏನರೆ ವಾಸನಿ ಇತ್ತೇನ್ರಿ?" ಎಂದು ಕೇಳಿದೆ.

"ಬಾಗಲಾ ತೆಗದ ಕೂಡ್ಲೆ ಬಂತ್ರಿ ಸಾಹೇಬ್ರ, ಮುಗ್ಗಿದ ವಾಸನಿ. ಆದ್ರ ಆ ಮನಿಯವ್ರು ಭಾಳ ಛಲೋ ಮಂದಿ. ಹ್ಯಾಂಗ ಹೇಳೋದಂತ ಸುಮ್ಮನಾದ್ವಿ. ನಮ್ಮಾಕಿ ಎರಡು ಊದಿನಕಡ್ಡಿ ಹಚ್ಚಿದ್ಳು."

ಹೊರಡುವಾಗ ಮನೆಯವರು ಅಭಿಪ್ರಾಯ ಬರೆಯಲು ಪುಸ್ತಕ ಕೊಟ್ಟರಂತೆ. ಇವರು ಬರೆದದ್ದು: "ಎಲ್ಲವೂ ಚೆನ್ನಾಗಿದೆ." ಅದರ ಹಿಂದಿನ ಪುಟದಲ್ಲಿ ಬೇರೆ ಊರಿನ ಅತಿಥಿಗಳೂ ಅದನ್ನೇ ಬರೆದಿದ್ದರಂತೆ.

ಈ ವಾರ ನಾನು ಹೇಳಬೇಕೆಂದಿರುವುದು ಆ ಒಂದು ವಾಕ್ಯದ ಬಗ್ಗೆ. ಬಾಡಿಗೆ ಕೋಣೆಯ ಕೆಟ್ಟ ವಾಸನೆ ಬರೀ ಇಷ್ಟಾನಿಷ್ಟದ ಮಾತಲ್ಲ, ಆರೋಗ್ಯದ ಮಾತು. ಅದನ್ನು ಮಾಲೀಕರಿಗೆ ಇದ್ದಂತೆ ಹೇಳುವುದು ತಂಗಿದವರ ಕರ್ತವ್ಯವೆಂದು ನನ್ನ ಅಭಿಪ್ರಾಯ.

ಹೇಳಲು ನಮಗೆ ಸಂಕೋಚ. ಉಂಡ ಮನೆಯ ಜಂತಿ ಎಣಿಸಬಾರದೆಂದು ಹಿರಿಯರು ಕಲಿಸಿದ್ದಾರೆ. ಬೀಗರ ಮನೆಯಲ್ಲಿ ಆ ಮಾತು ಸರಿ. ಆದರೆ ಬಾಡಿಗೆ ಮನೆಯಲ್ಲಿ ನಾವು ಹಣ ಕೊಟ್ಟಿರುತ್ತೇವೆ, ನಾಳೆ ಅದೇ ಹಾಸಿಗೆಯಲ್ಲಿ ಇನ್ನೊಬ್ಬರ ಮಗು ಮಲಗುತ್ತದೆ. ಜಂತಿಗೆ ಗೆದ್ದಲು ಹಿಡಿದದ್ದು ಕಣ್ಣಿಗೆ ಬಿದ್ದಾಗಲೂ ಸುಮ್ಮನಿದ್ದರೆ ಅದು ಸಭ್ಯತೆಯಲ್ಲ.

"ಮಾಲೀಕರಿಗೆ ತಮ್ಮ ಮನೆಯ ವಾಸನೆ ಗೊತ್ತಿರುವುದಿಲ್ಲವೇ?" ಎಂದು ನೀವು ಕೇಳಬಹುದು. ಬಹಳ ಸಲ ನಿಜವಾಗಿಯೂ ಗೊತ್ತಿರುವುದಿಲ್ಲ. ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ಗುಟ್ಟನ್ನು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಒಂದು ದೌರ್ಬಲ್ಯವಿದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದನ್ನು ಗಮನಿಸುವುದನ್ನೇ ಮೂಗು ಬಿಟ್ಟುಬಿಡುತ್ತದೆ. ದಿನವಿಡೀ ಅಲ್ಲೇ ಓಡಾಡುವವರಿಗೆ ಆ ವಾಸನೆ ಇಲ್ಲವೇ ಇಲ್ಲ. ಜೊತೆಗೆ 2020-21ರ ಕೋವಿಡ್ ಕಾಲದಲ್ಲಿ ಘ್ರಾಣಶಕ್ತಿ ಕಳೆದುಕೊಂಡ ಕೆಲವರಿಗೆ ಅದು ಪೂರ್ತಿಯಾಗಿ ಮರಳಿಲ್ಲ. ಆದ್ದರಿಂದ ಹೊರಗಿನಿಂದ ಬಂದವರ ಮೂಗೇ ನಂಬಿಕೆಯ ಸಾಧನ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಒಬ್ಬ ಅಜ್ಜಿ ಔಷಧಿ ಚೀಟಿ ತೆಗೆದುಕೊಂಡು, ಬಾಗಿಲತನಕ ಹೋಗಿ ಮರಳಿ ಬಂದು ಮೆಲ್ಲಗೆ ಹೇಳಿದಳು: "ಸಿಟ್ಟಿಗೇಳಬ್ಯಾಡಪ್ಪ ಡಾಕ್ಟ್ರೇ, ಹೊರಗ ನಾವು ಕುಂದ್ರೋ ಖೋಲಿ ಗಟಾರ ನಾರಿದಂಗ ನಾರ್ತದ." ನನಗೆ ಮುಖ ಕೆಂಪೇರಿತು. ಕಂಪೌಂಡರ್‌ನನ್ನು ಕೇಳಿದರೆ ಅವನಿಗೂ ಏನೂ ತಿಳಿದಿರಲಿಲ್ಲ. ಪ್ಲಂಬರ್ ಬಂದು ನೋಡಿದಾಗ, ಬಳಸದೆ ಬಿಟ್ಟಿದ್ದ ಮೂಲೆಯ ಬಚ್ಚಲಿನ ನಹಾನಿ ಟ್ರ್ಯಾಪ್ ಒಣಗಿ ಹೋಗಿತ್ತು. ದಿನಕ್ಕೆ ಐವತ್ತು ರೋಗಿಗಳು ಅಲ್ಲಿ ಕೂತು ಎದ್ದು ಹೋಗಿದ್ದರು. ಬಾಯಿಬಿಟ್ಟವಳು ಆ ಅಜ್ಜಿ ಒಬ್ಬಳೇ.

ಯಾವ ವಾಸನೆ ಏನನ್ನು ಹೇಳುತ್ತದೆ ಎಂದು ತಿಳಿದಿದ್ದರೆ ದೂರು ಹೇಳುವುದು ಸುಲಭ.

ಮುಗ್ಗಿದ ವಾಸನೆ ಎಂದರೆ ತೇವ ಮತ್ತು ಬೂಷ್ಟು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕೋಣೆ, ನೀರು ಜಿನುಗುವ ಗೋಡೆ, ಒಣಗದ ಗಾದಿ, ತೊಳೆಯದ ಏರ್‌ಕಂಡೀಷನರ್ ಜಾಳಿಗೆ ಇದರ ಮೂಲ. ತೇವದ ಮನೆಯಲ್ಲಿರುವವರಿಗೆ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆಸ್ತಮಾ ಇರುವ ಮಗುವಿಗೆ ಒಂದು ರಾತ್ರಿಯೂ ಸಾಕಾಗಬಹುದು.

ಗಟಾರದ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಚ್ಚಲಿನಿಂದ ಬಂದರೆ ಮೊದಲು ಟ್ರ್ಯಾಪ್ ನೋಡಬೇಕು. ಕೊಳವೆಯ ಬಾಗಿನಲ್ಲಿ ನಿಂತ ನೀರೇ ಕೆಳಗಿನ ಗಾಳಿ ಮೇಲೆ ಬಾರದಂತೆ ತಡೆಯುವ ಬಿರಡೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಭಾಗದಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಸಾಮಾನ್ಯ. ಬಳಸದ ಕೋಣೆಯಲ್ಲಿ ಆ ನೀರು ಆರಿಹೋಗುತ್ತದೆ. ಒಂದು ಬಕೆಟ್ ನೀರು ಸುರಿದರೆ ಸಾಕು, ಎಷ್ಟೋ ಸಲ ವಾಸನೆ ನಿಲ್ಲುತ್ತದೆ. ನಿಲ್ಲದಿದ್ದರೆ ಕೊಳವೆಯೋ ಗುಂಡಿಯೋ ಕೆಟ್ಟಿದೆ ಎಂದರ್ಥ.

ಮೂತ್ರದ ಘಾಟು ಎಷ್ಟು ತೊಳೆದರೂ ಹೋಗದಿದ್ದರೆ ನೆಲ ನೋಡಿ. ಶಹಾಬಾದ್, ಚಿತ್ತಾಪುರ, ವಾಡಿ ಕಡೆ ಬಚ್ಚಲಿಗೂ ನಮ್ಮ ಫರಸಿಯನ್ನೇ ಹಾಸುತ್ತೇವೆ. ಅದು ಸುಣ್ಣದ ಕಲ್ಲು. ಅದರ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ ಸುರಿದರೆ ನೊರೆ ಬಂದು ಕಲ್ಲೇ ಕರಗುತ್ತದೆ, ಮೈ ಒರಟಾಗುತ್ತದೆ, ಆ ಒರಟಿನಲ್ಲಿ ಕೊಳೆ ಕೂರುತ್ತದೆ. ವಾಸನೆ ಹೋಗಲೆಂದು ಇನ್ನಷ್ಟು ಆಸಿಡ್ ಹಾಕಿದಷ್ಟೂ ವಾಸನೆ ಹೆಚ್ಚುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿಯನ್ನಂತೂ ಎಂದೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಸೋಪಿನ ನೀರು, ಕುಂಚ, ಕಲ್ಲಿನ ಸಂದುಗಳಿಗೆ ಹೊಸ ಸಿಮೆಂಟ್, ಇವಿಷ್ಟೇ ಮದ್ದು.

ನುಸಿ ಗುಳಿಗೆಯ ವಾಸನೆಯನ್ನು ಹಲವರು ಸ್ವಚ್ಛತೆಯ ಗುರುತೆಂದು ತಿಳಿಯುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದು ರಕ್ತಕಣಗಳನ್ನು ಒಡೆದು ಕಾಮಾಲೆ, ರಕ್ತಹೀನತೆ ತರಬಹುದು. ಹಸುಗೂಸನ್ನು ಅಂಥ ಹಾಸಿಗೆ, ರಜಾಯಿಯಲ್ಲಿ ಮಲಗಿಸಬೇಡಿ. ಊದಿನಕಡ್ಡಿ, ರೂಮ್ ಸ್ಪ್ರೇಗಳು ಕೆಟ್ಟ ವಾಸನೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತವೆ. ಅವುಗಳ ಹೊಗೆ, ಘಾಟು ಆಸ್ತಮಾ ಇದ್ದವರಿಗೆ ಇನ್ನೊಂದು ಪೆಟ್ಟು.

ಗ್ಯಾಸಿನ ವಾಸನೆ ಬಂದರೆ ಸಂಕೋಚಕ್ಕೆ ಎಡೆಯೇ ಇಲ್ಲ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ದೀಪದ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಆದರೆ ಬಚ್ಚಲಿನ ಗ್ಯಾಸ್ ಗೀಸರ್ ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಅದನ್ನು ಕಂಡರೆ ಮೂಗು ಸುಮ್ಮನಿದ್ದರೂ ಬಾಯಿ ಸುಮ್ಮನಿರಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ದುರ್ವಾಸನೆಯೇ ರೋಗವಲ್ಲ. ಹತ್ತೊಂಬತ್ತನೇ ಶತಮಾನದ ವೈದ್ಯರು ಕೆಟ್ಟ ಗಾಳಿಯಿಂದಲೇ ಕಾಲರಾ, ಚಳಿಜ್ವರ ಬರುತ್ತವೆಂದು ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ಆದದ್ದು 1874ರಲ್ಲಿ. ಅದೇ ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. ವಾಸನೆ ಅಪರಾಧಿಯಲ್ಲ, ಸುದ್ದಿ ತಂದವ. ಆದರೆ ಸುದ್ದಿ ತಂದವನ ಬಾಯಿಗೆ ಊದಿನಕಡ್ಡಿಯ ಹೊಗೆ ಹಾಕಿ ಕಳಿಸಬಾರದು.

ಇನ್ನು ಹೇಳುವ ರೀತಿ. ಕೋಣೆಯ ಬಾಗಿಲು ತೆರೆದ ಕೂಡಲೇ, ಫ್ಯಾನ್ ಹಾಕುವ ಮೊದಲು ಅರ್ಧ ನಿಮಿಷ ನಿಂತು ಗಮನಿಸಿ. ಅನುಮಾನವಿದ್ದರೆ ಹೊರಗೆ ಸ್ವಲ್ಪ ಹೊತ್ತು ಇದ್ದು ಮತ್ತೆ ಒಳಗೆ ಬನ್ನಿ. ಆಮೇಲೆ ಮಾಲೀಕರನ್ನು ಪಕ್ಕಕ್ಕೆ ಕರೆದು ಮೂರು ಸಂಗತಿ ಹೇಳಿ: ಎಲ್ಲಿ, ಎಂಥದು, ಯಾವಾಗ. "ನಿಮ್ಮ ಮನಿ ಹೊಲಸದ" ಎಂದರೆ ಜಗಳ ಆಗುತ್ತದೆ. "ಅಣ್ಣಾರ, ಒಳಗಿನ ಖೋಲಿಯ ಕಪಾಟಿನ ಹಿಂದ ಮುಗ್ಗಿದ ವಾಸನಿ ಬರ್ತದ, ಗ್ವಾಡಿ ಹಸಿ ಅದ, ಒಂದಿಷ್ಟು ನೋಡಸ್ರಿ" ಎಂದರೆ ಕೆಲಸ ಆಗುತ್ತದೆ. ಮಗುವಿಗೆ ಆಸ್ತಮಾ ಇದ್ದರೆ ಅದನ್ನೂ ತಿಳಿಸಿ ಬೇರೆ ಕೋಣೆ ಕೇಳಿ. ಇಲ್ಲದಿದ್ದರೆ ಬೇರೆ ಕಡೆ ಹೋಗಿ. ಮಾಲೀಕರೂ ಸಾಲ ಮಾಡಿ ಎರಡು ಕೋಣೆ ಕಟ್ಟಿದ ಸಣ್ಣವರೇ ಇರುತ್ತಾರೆ. ಮುಖ ಕೊಟ್ಟು ಹೇಳದೆ ಊರಿಗೆ ಬಂದು ಮೊಬೈಲಿನಲ್ಲಿ ಒಂದು ನಕ್ಷತ್ರ ಒತ್ತುವುದು ಅನ್ಯಾಯ. ಹೇಳಿದ ಮೇಲೂ ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇದ್ದದ್ದನ್ನು ಇದ್ದಂತೆ ಬರೆಯಲು ಹಿಂಜರಿಯಬೇಕಾಗಿಲ್ಲ.

ದೂರು ಮಾಲೀಕರಿಗೇ ಹೋಗಲಿ, ನೆಲ ಒರೆಸುವ ಹುಡುಗನ ಮೇಲೆ ಅಲ್ಲ. ಒಡೆದ ಕೊಳವೆ ಅವನ ತಪ್ಪಲ್ಲ. ನಿಮ್ಮ ದೂರಿನಿಂದ ಯಾರನ್ನೋ ಸೆಪ್ಟಿಕ್ ಗುಂಡಿಗೆ ಇಳಿಸುವ ಸೂಚನೆ ಕಂಡರೆ ಅಲ್ಲೇ ತಡೆಯಿರಿ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕಾರಣ ವೈದ್ಯಶಾಸ್ತ್ರದಲ್ಲೂ ಇದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ಹೈಡ್ರೋಜನ್ ಸಲ್ಫೈಡ್ ಸೇರಿದರೆ ಮೂಗು ಮರಗಟ್ಟುತ್ತದೆ. ವಾಸನೆ ನಿಂತಿತೆಂದುಕೊಂಡವನು ಅದಕ್ಕಿಂತ ಹೆಚ್ಚಿನ ವಿಷದಲ್ಲಿ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಆ ಕೆಲಸ ಯಂತ್ರದ್ದು.

ಒಂದು ಎಚ್ಚರಿಕೆಯ ಮಾತು ನಮಗೂ ಸಲ್ಲುತ್ತದೆ. ನಮಗೆ ಹಿಡಿಸದ ವಾಸನೆಯೆಲ್ಲ ದೋಷವಲ್ಲ. ಪಕ್ಕದ ಮನೆಯ ಒಣಮೀನು, ಮಾಂಸದ ಸಾರು, ಸಗಣಿ ಸಾರಿಸಿದ ಅಂಗಳ ಯಾರ ಆರೋಗ್ಯವನ್ನೂ ಕೆಡಿಸುವುದಿಲ್ಲ. ವಾಸನೆಯ ನೆಪದಲ್ಲಿ ಜನರನ್ನು ಹೀಗಳೆದು ದೂರವಿಟ್ಟ ಚರಿತ್ರೆ ನಮ್ಮದು. ನಾವು ದೂರಬೇಕಾದದ್ದು ಗೋಡೆಯನ್ನು, ಕೊಳವೆಯನ್ನು, ಗಾದಿಯನ್ನು, ಮನುಷ್ಯರನ್ನಲ್ಲ.

ಕೋಣೆ ಬಾಡಿಗೆಗೆ ಕೊಡುವವರಿಗೂ ಒಂದು ವಿನಂತಿ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮವಾಗಿದೆ. ಮಳಖೇಡದ ಕೋಟೆಗೆ, ಸನ್ನತಿಯ ಚಂದ್ರಲಾಂಬೆಯ ಗುಡಿಗೆ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಜನ ಬರುತ್ತಾರೆ. ಖಾಲಿ ಕೋಣೆಯ ಕಿಟಕಿಗಳನ್ನು ದಿನಕ್ಕೊಮ್ಮೆ ತೆರೆಯಿರಿ, ವಾರಕ್ಕೊಮ್ಮೆ ಪ್ರತಿ ಟ್ರ್ಯಾಪ್‌ಗೆ ನೀರು ಸುರಿಯಿರಿ, ಗಾದಿಗಳನ್ನು ಬಿಸಿಲಿಗೆ ಹಾಕಿ. ಹೊರಡುವ ಅತಿಥಿಯನ್ನು "ಚೆನ್ನಾಗಿತ್ತೇ?" ಎಂದು ಕೇಳಬೇಡಿ, ಅದಕ್ಕೆ ಒಂದೇ ಉತ್ತರ ಬರುತ್ತದೆ. "ಖೋಲಿಯೊಳಗ ಏನರೆ ವಾಸನಿ ಬಂತೇನ್ರಿ?" ಎಂದು ಕೇಳಿ.

ಆ ಭಾನುವಾರ ಹುಡುಗಿಯ ತಂದೆ ನನ್ನ ಮುಂದೆಯೇ ಆ ಮನೆಯವರಿಗೆ ಫೋನ್ ಮಾಡಿದರು. ಮೊದಲು ತಡವರಿಸಿದರು, ಆಮೇಲೆ ಎಲ್ಲವನ್ನೂ ಹೇಳಿದರು. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಇಲ್ಲೇ ಇದ್ದಾಗ ಹೇಳಬಾರದೇನ್ರಿ, ಆಕಿನ್ನ ಬ್ಯಾರೆ ಖೋಲಿಯೊಳಗ ಮಲಗಸ್ತಿದ್ವಿ" ಎಂದರಂತೆ. ಆ ಮಾತು ಕೇಳಿ ತಾಯಿ ಮಗಳ ಕಡೆ ನೋಡಿದರು. ಹುಡುಗಿ ಆಗ ನೆಬ್ಯುಲೈಸರ್ ಮುಖವಾಡ ತೆಗೆದಿಟ್ಟು ನೀರು ಕುಡಿಯುತ್ತಿದ್ದಳು.