ಅವಧಿಗೆ ಮುನ್ನ ಮನೆ ಬಿಟ್ಟರೆ

ತಿಮ್ಮಾಪುರದಂಥ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಹಂಗಾಮಿಗೆಂದು ಪರಸ್ಥಳದವರು ಕೆಲವು ತಿಂಗಳ ಮಟ್ಟಿಗೆ ಮನೆ ಹಿಡಿಯುವುದುಂಟು. ಕಬ್ಬು ಬೇಗ ತೀರಿದರೆ ಅವರು ಅವಧಿಗೆ ಮುನ್ನವೇ ಹೊರಡುವರು. ಆಗ ಠೇವಣಿಯ ಹಣಕ್ಕಾಗಿ ಮನಸ್ತಾಪವೇಳುವುದು.

ಮನೆಯೊಡೆಯರು ಠೇವಣಿಯನ್ನೆಲ್ಲ ಇಟ್ಟುಕೊಳ್ಳುವುದು ಸರಿಯಲ್ಲ. ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ, 1872ರ ಕರಾರು ಕಾಯಿದೆಯ 74ನೆಯ ಕಲಮಿನ ಮೇರೆಗೆ ಯೋಗ್ಯ ಪರಿಹಾರವಷ್ಟೇ ದೊರೆಯುವುದು. ಮನೆ ಬರಿದಾಗಿದ್ದ ದಿನಗಳ ನಷ್ಟ, ದುರಸ್ತಿ, ವಿದ್ಯುತ್ತಿನ ಬಾಕಿ, ಇವನ್ನು ಮುರಿದುಕೊಂಡು ಉಳಿದುದನ್ನು ಲೆಕ್ಕಸಹಿತ ಮರಳಿಸತಕ್ಕದ್ದು. ಬೇರೆ ಬಾಡಿಗೆದಾರನು ಬಂದ ದಿನದಿಂದ ಹಳಬನ ಮೇಲೆ ಬಾಡಿಗೆ ಹೊರಿಸಲಾಗದು.

ಬಾಡಿಗೆದಾರನಿಗೂ ಕರ್ತವ್ಯವುಂಟು. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ 15 ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕು.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ಸೀಮೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ವಾಚಕರು ಬಲ್ಲರು. ನೆರೆಯಿಂದ ಮನೆ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿರುವಾಗ, ಬಾಡಿಗೆದಾರನು ಒಪ್ಪಂದವನ್ನೇ ರದ್ದುಗೊಳಿಸಬಹುದೆಂದು ಅದೇ ಕಾಯಿದೆಯ 108ನೆಯ ಕಲಮು ಹೇಳುತ್ತದೆ. ಮನೆ ಕಳೆದುಕೊಂಡವನ ಠೇವಣಿಯನ್ನು ತಡೆಹಿಡಿಯುವುದು ಗೃಹಸ್ಥರಿಗೆ ಶೋಭಿಸದು.

ಆದುದರಿಂದ ಬೀಗದ ಕೈ ಕೊಡುವ ದಿನವೇ ಇವೆಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡಿರಿ. ಸಮಾಧಾನದಿಂದ ಹೋದವನು ಮುಂದಿನ ಹಂಗಾಮಿಗೆ ನಿಮ್ಮ ಮನೆಯನ್ನೇ ಕೇಳಿಕೊಂಡು ಬರುವನು.